ಸಣ್ಣ ಬೇಟೆಯ ರೈಫಲ್: ಉಜ್ಜುವುದು ಕಡಿಮೆ, ಒರೆಸುವುದು ಹೆಚ್ಚು

ಮೊಲ, ಅಳಿಲುಗಳಂಥ ಸಣ್ಣ ಬೇಟೆಗೆ ಬಳಸುವ ಪಾಯಿಂಟ್ 22 (ನಳಿಗೆಯ ಒಳ ಅಗಲ ಸುಮಾರು 0.22 ಇಂಚು) ರೈಫಲ್ ಗುಂಡು ಹಾರಿಸಿ ಹಾರಿಸಿ ಕೆಟ್ಟಿತು ಎನ್ನುವುದು ಅಪರೂಪ. ಅದು ಕೆಡುವುದು ಹೆಚ್ಚಾಗಿ ತೇವದಿಂದ, ಇಲ್ಲವೇ ಉಜ್ಜಿದಷ್ಟೂ ಒಳ್ಳೆಯದೆಂದು ನಂಬಿದವರ ಕೈಯಿಂದ. ಇದರ ಗುಂಡು ಮೆತ್ತನೆಯ ಸೀಸದ್ದು, ಮೇಲೆ ಸಾಮಾನ್ಯವಾಗಿ ಮೇಣದ ಅಥವಾ ಜಿಡ್ಡಿನ ತೆಳುವಾದ ಲೇಪವಿರುತ್ತದೆ. ಗುಂಡು ಸಾಗುವಾಗ ಆ ಲೇಪ ನಳಿಗೆಯ ಒಳಮೈಗೆ ಸವರಿಕೊಳ್ಳುತ್ತದೆ. ಅದನ್ನು ಪೂರ್ತಿಯಾಗಿ ಕೆರೆದು ತೆಗೆದರೆ ಮುಂದಿನ ಕೆಲವು ಗುಂಡುಗಳು ಗುರಿಯಿಂದ ಆಚೀಚೆ ಸರಿಯುವುದುಂಟು. ಆದ್ದರಿಂದ ಪ್ರತಿ ಬಳಕೆಯ ನಂತರವೂ ನಳಿಗೆಗೆ ಬ್ರಷ್ ಹಾಕುವ ಅಗತ್ಯವಿಲ್ಲ. ಗುರಿ ಹದಗೆಟ್ಟಿದೆ ಎನಿಸಿದಾಗ ಅಥವಾ ರೈಫಲ್ ನೆನೆದಾಗ ಹಾಕಿದರೆ ಸಾಕು.

ಕೆಲಸಕ್ಕೆ ಕೂರುವ ಮೊದಲು ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಡಬೇಕು. ಮೊದಲು ಮ್ಯಾಗಜಿನ್ (ತೋಟಾ ತುಂಬಿಡುವ ಡಬ್ಬಿ) ತೆಗೆದು, ಆಮೇಲೆ ಬೋಲ್ಟ್ (ನಳಿಗೆಯನ್ನು ಹಿಂದಿನಿಂದ ಮುಚ್ಚುವ ಲೋಹದ ಭಾಗ) ಹಿಂದಕ್ಕೆಳೆದು, ತೋಟಾ ಕೂರುವ ಗೂಡನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು. ಈ ಕ್ರಮ ತಲೆಕೆಳಗಾದರೆ ಬೋಲ್ಟ್ ಮುಚ್ಚುವಾಗ ಮ್ಯಾಗಜಿನ್ನಿನ ಇನ್ನೊಂದು ತೋಟಾ ಗೂಡಿಗೆ ಸೇರಿಬಿಡುತ್ತದೆ. ಕೊಳವೆಯಂಥ ಮ್ಯಾಗಜಿನ್ ಇದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅದರೊಳಗೆ ಕೊನೆಯ ತೋಟಾ ಸಿಕ್ಕಿಕೊಂಡು ಕಾಣದೆ ಉಳಿಯಬಹುದು. ಸೀಸದ ಪುಡಿ ಮೈಗೆ ಒಳ್ಳೆಯದಲ್ಲವಾದ್ದರಿಂದ ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಕಿಟಕಿ ತೆರೆದಿರಲಿ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಒರೆಸಿದ ಬಟ್ಟೆಗಳನ್ನು ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿರಿ.

ನಿಜವಾದ ಕೊಳೆ ಕೂರುವುದು ಗೂಡಿನಲ್ಲಿ ಮತ್ತು ಬೋಲ್ಟಿನ ಮುಖದ ಮೇಲೆ. ತೋಟಾದ ಅಂಚು ತಾಗುವ ಜಾಗದಲ್ಲಿ ಮೇಣ, ಮಸಿ, ಸೀಸ ಮೂರೂ ಬೆರೆತು ಗಟ್ಟಿಯಾದ ಕಪ್ಪು ಉಂಗುರ ಕಟ್ಟುತ್ತದೆ. ತೋಟಾ ಸರಿಯಾಗಿ ಕೂರದಿರುವುದಕ್ಕೂ, ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಖಾಲಿ ಕೋಶ ಒಳಗೇ ಅಂಟಿಕೊಳ್ಳುವುದಕ್ಕೂ ಅನೇಕ ಸಲ ಇದೇ ಕಾರಣ. ಅದರ ಮೇಲೆ ಬಂದೂಕು ಶುಚಿಗೊಳಿಸುವ ದ್ರಾವಣದ ಎರಡು ಹನಿ ಬಿಟ್ಟು, ಹತ್ತು ನಿಮಿಷ ನೆನೆಯಲು ಬಿಟ್ಟರೆ ಉಂಗುರ ಸಡಿಲವಾಗುತ್ತದೆ, ಆಮೇಲೆ ಬಟ್ಟೆಯಿಂದ ಒರೆಸಿ ತೆಗೆಯಬಹುದು. ಖಾಲಿ ಕೋಶವನ್ನು ಹೊರಗೆಳೆಯುವ ಕೊಕ್ಕೆಯ ಅಡಿಯನ್ನು ಹಲ್ಲುಕಡ್ಡಿಯ ತುದಿಯಿಂದ ಕೆದಕಿ ನೋಡಿರಿ. ಅಲ್ಲಿಂದ ಹೊರಬರುವ ಕಪ್ಪು ಜಿಡ್ಡು, ಹೊರಗೆ ಹೊಳೆಯುವ ರೈಫಲ್ ಒಳಗೆ ಹೇಗಿದೆಯೆಂದು ತಾನೇ ಹೇಳುತ್ತದೆ. ಲೋಹದ ಮೊನೆಯಿಂದ ಮಾತ್ರ ಕೆರೆಯಬಾರದು. ಕೆಲಸ ಮುಗಿದ ಖುಷಿಗೆ ಖಾಲಿ ಬಂದೂಕಿನ ಕುದುರೆ ಒತ್ತುವ ಅಭ್ಯಾಸವೂ ಬೇಡ, ಏಕೆಂದರೆ ಈ ಜಾತಿಯ ಹಲವು ರೈಫಲ್‌ಗಳಲ್ಲಿ ಹೊಡೆಯುವ ಮೊಳೆ ನೇರವಾಗಿ ಗೂಡಿನ ಅಂಚಿಗೇ ಬಡಿದು ಅಲ್ಲಿ ಕಚ್ಚು ಬೀಳುತ್ತದೆ.

ನಳಿಗೆಯನ್ನು ಶುಚಿ ಮಾಡಲೇಬೇಕಾದಾಗ ಬೋಲ್ಟ್ ಕಳಚಿ ಹಿಂಬದಿಯಿಂದಲೇ ಕೋಲು ತೂರಿಸಿ. ತುಂಡು ತುಂಡಾಗಿ ಜೋಡಿಸುವ ಕೋಲಿಗಿಂತ ಲೇಪವಿರುವ ಒಂದೇ ತುಂಡಿನ ಕೋಲು ಮೇಲು, ಏಕೆಂದರೆ ಜೋಡಣೆಯ ಅಂಚುಗಳು ಒಳಗಿನ ಸುರುಳಿ ಗೀರುಗಳಿಗೆ ತಿಕ್ಕುತ್ತವೆ. ಗುಂಡು ಕೊನೆಯದಾಗಿ ತಾಗಿ ಹೊರಡುವುದು ನಳಿಗೆಯ ಬಾಯಿಯ ಅಂಚನ್ನು. ಅಲ್ಲಿ ಕೋಲು ಉಜ್ಜಿ ಒಂದು ಬದಿ ಸವೆದರೆ ಎಷ್ಟು ಒಳ್ಳೆಯ ಕಣ್ಣಿದ್ದರೂ ಗುರಿ ನಿಲ್ಲದು. ಬೋಲ್ಟ್ ಹಿಂದಕ್ಕೆ ಕಳಚಲು ಬಾರದ ರೈಫಲ್‌ಗೆ ಹಿಂಬದಿಯಿಂದ ಬಾಯಿಯ ಕಡೆಗೆ ಎಳೆಯುವ ದಾರದ ಸಾಧನ ಉತ್ತಮ. ದ್ರಾವಣದಲ್ಲಿ ಅದ್ದಿದ ಬಟ್ಟೆ, ಬೇಕಿದ್ದರೆ ಕಂಚಿನ ಬ್ರಷ್, ಮತ್ತೆ ಒಣ ಬಟ್ಟೆ, ಇಷ್ಟೇ. ಉಕ್ಕಿನ ಬ್ರಷ್ಷನ್ನು ಮನೆಯೊಳಗೇ ತರಬಾರದು ಎನ್ನುವುದು ನನ್ನ ಹಟ. ತುಕ್ಕು ಹಿಡಿಸುವ ಉಪ್ಪನ್ನು ನಳಿಗೆಯಲ್ಲಿ ಉಳಿಸುವ ಹಳೆಯ ಕಾಲದ ತೋಟಾ ಅಥವಾ ಕರಿಮದ್ದು ಬಳಸಿದ್ದರೆ ಮಾತ್ರ ಲೆಕ್ಕ ಬೇರೆ: ಆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಅದೇ ದಿನ ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು.

ಎಣ್ಣೆಯ ವಿಷಯದಲ್ಲಿ ಕೈ ಬಿಗಿಯಿರಲಿ. ಹೆಚ್ಚಾದ ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ, ಚಳಿಯಲ್ಲಿ ಗಟ್ಟಿಯಾಗಿ ಹೊಡೆಯುವ ಮೊಳೆಯ ವೇಗ ತಗ್ಗಿಸುತ್ತದೆ, ಹಿಡಿಯ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ. ಬೆರಳಿನ ಬೆವರು ಬಿದ್ದ ಕಡೆ ತುಕ್ಕು ಮೊದಲು ಕಾಣಿಸುವುದರಿಂದ, ಮುಟ್ಟಿದಾಗಲೆಲ್ಲ ಹೊರಲೋಹವನ್ನು ಎಣ್ಣೆ ಪಸೆಯ ಬಟ್ಟೆಯಿಂದ ಒಮ್ಮೆ ಒರೆಸಿಡಿ. ಎಣ್ಣೆ ಕುಡಿಸಿದ ಮರದ ಹಿಡಿಗೆ ಆಗೊಮ್ಮೆ ಈಗೊಮ್ಮೆ ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕಿದರೆ ಸಾಕು.

ಚಳಿಯಿಂದ ಬೆಚ್ಚಗಿನ ಮನೆಗೆ ತಂದ ರೈಫಲ್‌ನ ಮೇಲೆ ಹನಿ ಕಟ್ಟುತ್ತದೆ; ಅದು ಕೋಣೆಯ ಬಿಸಿಗೆ ಬಂದ ಮೇಲೆ ಒರೆಸಿ ಒಣಗಿಸಿಯೇ ಬೀಗದ ಕಪಾಟಿನೊಳಗೆ ಇಡಬೇಕು. ಬಟ್ಟೆ ಅಥವಾ ಚರ್ಮದ ಚೀಲ ತೇವ ಹೀರಿಕೊಳ್ಳುವುದರಿಂದ ಅದು ಸಾಗಿಸಲು ಮಾತ್ರ, ತಿಂಗಳುಗಟ್ಟಲೆ ಇಡಲು ಅಲ್ಲ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣವಿರಲಿ, ತೋಟಾಗಳು ಬೇರೆ ಬೀಗದಲ್ಲಿರಲಿ. ಮತ್ತೆ ಹೊರತೆಗೆದ ದಿನ ನಳಿಗೆಯಲ್ಲಿ ಏನೂ ಸಿಕ್ಕಿಕೊಂಡಿಲ್ಲವೆಂದು ನೋಡಿ, ಒಳಗಿನ ಎಣ್ಣೆಯನ್ನು ಒಣ ಬಟ್ಟೆಯಿಂದ ತೆಗೆದ ನಂತರವೇ ತೋಟಾ ತುಂಬಿರಿ.