ಲಾಗಿನ್ ದಾಖಲೆ ಓದುವುದು ಹೇಗೆ: ಒಂದು ಅಕ್ಕಿ ಗಿರಣಿಯ ಅನುಭವ

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಭತ್ತದ ಲಾರಿಗಳ ತೂಕದ ಚೀಟಿ, ರೈತರ ಬಾಕಿ, ಎಲ್ಲವೂ ಅದರಲ್ಲಿದೆ. ಮೊದಲ ಸಲ ಅದರ ಲಾಗಿನ್ ದಾಖಲೆ, ಅಂದರೆ ಲಾಗ್, ತೆರೆದಾಗ ಎದೆ ಧಸಕ್ಕೆಂದಿತ್ತು: ಒಂದೇ ರಾತ್ರಿಗೆ ಸಾವಿರಾರು 'ಫೇಲ್ಡ್ ಪಾಸ್‌ವರ್ಡ್'. ಈಗ ಅದು ನನಗೆ ಗಿರಣಿಯ ಸದ್ದಿನಂತೆ. ಅಂತರ್ಜಾಲಕ್ಕೆ ತೆರೆದುಕೊಂಡ 22ನೇ ಪೋರ್ಟನ್ನು, ಅಂದರೆ ದೂರದಿಂದ ಸರ್ವರಿಗೆ ಲಾಗಿನ್ ಆಗುವ ಬಾಗಿಲನ್ನು, ಯಂತ್ರಗಳು ಹಗಲಿರುಳು ತಟ್ಟುತ್ತಲೇ ಇರುತ್ತವೆ.

ಲಿನಕ್ಸ್‌ನ ಉಬುಂಟು, ಡೆಬಿಯನ್‌ಗಳಲ್ಲಿ ಈ ಕಡತದ ಹೆಸರು ಸಾಮಾನ್ಯವಾಗಿ 'ಆಥ್.ಲಾಗ್'; ರೆಡ್ ಹ್ಯಾಟ್ ಬಳಗದಲ್ಲಿ 'ಸೆಕ್ಯೂರ್'. ಸಾಲಿನಲ್ಲಿ 'ಇನ್‌ವ್ಯಾಲಿಡ್ ಯೂಸರ್' ಎಂದಿದ್ದರೆ ಆ ಹೆಸರಿನ ಖಾತೆಯೇ ನಿಮ್ಮಲ್ಲಿಲ್ಲ. ಅಡ್ಮಿನ್, ಟೆಸ್ಟ್, ಒರಾಕಲ್ ಎಂದು ಕತ್ತಲಲ್ಲಿ ಕಲ್ಲು ಹೊಡೆಯುತ್ತಿದ್ದಾರೆ ಅಷ್ಟೇ. ನಿಮ್ಮ ಗುಮಾಸ್ತರ ಖಾತೆಯ ಹೆಸರೇ ಮತ್ತೆ ಮತ್ತೆ ಬಂದರೆ ಮಾತ್ರ ಕುರ್ಚಿ ಎಳೆದುಕೊಂಡು ಕೂರಿ. ಅದೂ ಬೇರೆ ಬೇರೆ ಐಪಿ ವಿಳಾಸಗಳಿಂದ, ಗಂಟೆಗೊಂದರಂತೆ ಬಂದರೆ, ತಪ್ಪು ಪ್ರಯತ್ನಗಳನ್ನು ಎಣಿಸಿ ಆ ವಿಳಾಸವನ್ನು ತಡೆಯುವ ತಂತ್ರಾಂಶ ಫೇಲ್‌ಟುಬ್ಯಾನ್‌ನ ಎಣಿಕೆಗೂ ಸುಲಭಕ್ಕೆ ಸಿಗುವುದಿಲ್ಲ.

ದಿನವೂ ಹುಡುಕಬೇಕಾದ ಪದ 'ಆಕ್ಸೆಪ್ಟೆಡ್', ಅಂದರೆ ಯಾರಿಗೋ ಪ್ರವೇಶ ಸಿಕ್ಕಿದೆ. ಆ ಸಾಲುಗಳು ಕೆಲವೇ ಇರುತ್ತವೆ. ಪ್ರತಿಯೊಂದಕ್ಕೂ ಯಾರು, ಎಲ್ಲಿಂದ, ಯಾವ ಹೊತ್ತಿಗೆ ಎಂದು ಉತ್ತರ ಸಿಗಬೇಕು.

ನಾನು ಎಡವಿದ್ದು ಹೊತ್ತಿನಲ್ಲಿ. ಗುಮಾಸ್ತರ ಖಾತೆ, 'ಆಕ್ಸೆಪ್ಟೆಡ್ ಪಾಸ್‌ವರ್ಡ್', 21:10. ಸುಗ್ಗಿ ಕಾಲ, ಆ ವೇಳೆಗೂ ಲಾರಿಗಳು ಸಾಲುಗಟ್ಟಿರುತ್ತವೆ, ಅವರೇ ಇರಬೇಕೆಂದು ಮುಂದೆ ಹೋದೆ. ಎರಡು ದಿನ ಬಿಟ್ಟು ಹೊಳೆಯಿತು: ಸರ್ವರಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ನಮ್ಮ ಸಮಯಕ್ಕಿಂತ ಹಿಂದಿರುವ ವಿಶ್ವ ಸಮಯದಲ್ಲಿತ್ತು. ಐದೂವರೆ ಗಂಟೆ ಕೂಡಿಸಿದರೆ ನಡುರಾತ್ರಿ ದಾಟಿ 2:40. ಚೀಟಿಗಳನ್ನು ತಿರುವಿ ನೋಡಿದೆ. ಕೊನೆಯ ಲಾರಿ ತೂಗಿದ್ದು ರಾತ್ರಿ 11:50ಕ್ಕೆ. ಯಾರು ಎಷ್ಟು ಹೊತ್ತು ಒಳಗಿದ್ದರೆಂದು ತೋರಿಸುವ 'ಲಾಸ್ಟ್' ಆಜ್ಞೆ ಕೊಟ್ಟರೆ ಆ ಖಾತೆ 14 ನಿಮಿಷ ಒಳಗಿತ್ತು. ಪಾಸ್‌ವರ್ಡ್ ಇಲ್ಲದೆ ಪ್ರವೇಶ ಕೊಡುವ ಡಿಜಿಟಲ್ ಕೀಲಿಗಳ 'ಆಥರೈಸ್ಡ್ ಕೀಸ್' ಕಡತದಲ್ಲಿ ನಾನು ಹಾಕದ ಒಂದು ಕೀಲಿ ಕುಳಿತಿತ್ತು. ಪಾಸ್‌ವರ್ಡ್ ಏನಿತ್ತೆಂದರೆ ಗಿರಣಿಯ ಹೆಸರು, ಮುಂದೆ 123. ಇಟ್ಟವನು ನಾನೇ.

ಇಂಥದ್ದು ಕಂಡರೆ ಸರ್ವರನ್ನು ಜಾಲದಿಂದ ಬಿಡಿಸಿ, ಲಾಗ್‌ಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಡಿ. ನುಗ್ಗಿದವನ ಕೈಗೆ ರೂಟ್ ಅಧಿಕಾರ (ಸರ್ವರಿನ ಪೂರ್ಣ ಹಿಡಿತ) ಸಿಕ್ಕಿದ್ದರೆ ಸಾಲುಗಳನ್ನು ಅಳಿಸಿರಬಹುದು. ನಡುವೆ ಕೆಲವು ಗಂಟೆಗಳೇ ಕಾಣೆಯಾಗಿದ್ದರೆ ಅದೂ ಸುಳಿವು. ಪಾಸ್‌ವರ್ಡ್ ಬದಲಿಸಿದರೆ ಸಾಲದು, ಆ ಕೀಲಿ ಇರುವವರೆಗೆ ಬಾಗಿಲು ತೆರೆದೇ ಇರುತ್ತದೆ. ನಾನು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿ, ಹಳೆಯ ಬ್ಯಾಕಪ್‌ನಿಂದ ಲೆಕ್ಕ ತಂದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ವಿಷಯ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು.

ಈಗ ಅಲ್ಲಿ ಕೀಲಿಯಿಂದ ಮಾತ್ರ ಪ್ರವೇಶ. ಗಡಿಯಾರವನ್ನು ಯುಟಿಸಿಯಲ್ಲೇ ಬಿಟ್ಟಿದ್ದೇನೆ. ಗುಮಾಸ್ತರ ಮೇಜಿನ ಗಾಜಿನಡಿ, ತೂಕದ ಚೀಟಿಯೊಂದರ ಹಿಂಬದಿಯಲ್ಲಿ ದಪ್ಪಗೆ ಬರೆದಿಟ್ಟಿದೆ: '5:30 ಕೂಡಿಸಿ'.