ಹಳೇ ಎಕ್ಸ್‌ಬಾಕ್ಸ್ 360ಗೆ ಹಳೇ ರೌಟರ್ ಕಡೆಯಿಂದ ವೈಫೈ ಕೊಟ್ಟಿದ್ದು: ನನ್ನ ಅನುಭವ

ನಮ್ಮಣ್ಣ 2009ರಲ್ಲಿ ಸಂಬಳ ಕೂಡಿಟ್ಟು ತಗೊಂಡಿದ್ದ ಎಕ್ಸ್‌ಬಾಕ್ಸ್ 360 (ಮೈಕ್ರೋಸಾಫ್ಟ್‌ನ ಗೇಮ್ ಕನ್ಸೋಲ್) ಇನ್ನೂ ನಮ್ಮನೇಲೇ ಇದೆ, ಬಿಳೀದು, ದಪ್ಪದ್ದು, ಪವರ್ ಅಡಾಪ್ಟರ್ ಬೇರೆ ಇಟ್ಟಿಗೆ ಗಾತ್ರ ಇರುತ್ತಲ್ಲ ಆ ಮಾಡೆಲ್ಲು. ಅವನು ಪುಣೆಗೆ ಹೋದ್ಮೇಲೆ ನಾನು ಆಡ್ತಿದ್ದೆ, ಈಗ ನನ್ನ ಮಗ ಆಡ್ತಾನೆ. ಇಷ್ಟು ವರ್ಷ ಇಂಟರ್‌ನೆಟ್ ಬೇಕು ಅಂತ ಅನ್ನಿಸಿರಲಿಲ್ಲ, ಡಿಸ್ಕ್ ಹಾಕಿ ಆಡೋದು, ಆಫ್ ಮಾಡೋದು, ಅಷ್ಟೇ. ಆದ್ರೆ ಹೋದ ದಸರಾ ರಜೇಲಿ ಅದರ ಹಾರ್ಡ್ ಡಿಸ್ಕ್ ಕೈ ಕೊಡ್ತು. ಅಣ್ಣ ಆ ಕಾಲದಲ್ಲಿ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡ್ಕೊಂಡಿದ್ದ ಚಿಕ್ಕ ಚಿಕ್ಕ ಗೇಮ್‌ಗಳೆಲ್ಲ ಅದರಲ್ಲೇ ಇದ್ವು, ನನ್ನ ಮಗ ದಿನಾ ಆಡ್ತಿದ್ದಿದ್ದು ಅವುಗಳನ್ನೇ.

360ಯ ಆನ್‌ಲೈನ್ ಅಂಗಡಿ 2024ರ ಜುಲೈ 29ಕ್ಕೆ ಮುಚ್ಚಿಹೋಯ್ತು, ಹೊಸದಾಗಿ ಕನ್ಸೋಲ್‌ನಿಂದ ಏನೂ ಕೊಳ್ಳೋಕೆ ಆಗಲ್ಲ. ಆದ್ರೆ ಮೊದಲೇ ಕೊಂಡಿದ್ದನ್ನ ಮತ್ತೆ ಇಳಿಸ್ಕೋಬಹುದು, ಅದನ್ನ ನಿಲ್ಲಿಸಿಲ್ಲ. ಸುಮಾರು ಜನ ಅಂಗಡಿ ಮುಚ್ಚಿತು ಅಂದ ತಕ್ಷಣ ಎಲ್ಲ ಹೋಯ್ತು ಅಂದ್ಕೊಂಡು ಕನ್ಸೋಲನ್ನ ಗುಜರಿಗೆ ಹಾಕ್ತಿದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಒಂದ್ಸಲ ನೆಟ್‌ಗೆ ಹಚ್ಚಿ ನೋಡಿ.

ಹಚ್ಚೋದೇ ಸಮಸ್ಯೆ. ದಪ್ಪ ಮಾಡೆಲ್‌ನಲ್ಲಿ ಒಳಗಡೆ ವೈಫೈ ಇಲ್ಲ, 2010ರಲ್ಲಿ ಬಂದ ಸ್ಲಿಮ್‌ನಿಂದ ಅದು ಶುರುವಾಗಿದ್ದು. ದಪ್ಪದ್ದಕ್ಕೆ ಹಿಂದೆ ಒಂದು ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಹಾಕೋ ಜಾಗ) ಇದೆ ಅಷ್ಟೇ. ನಮ್ಮದು ಮೈಸೂರಲ್ಲಿ ಬಾಡಿಗೆ ಮನೆ, ಫೈಬರ್ ಬಾಕ್ಸ್ ಕೆಳಗಡೆ ಹಾಲ್‌ನಲ್ಲಿ ಬಾಗಿಲ ಪಕ್ಕ, ಟಿವಿ ಮಹಡಿ ರೂಮಲ್ಲಿ. ಗೋಡೆಗೆ ತೂತು ಹೊಡೆಯಂಗಿಲ್ಲ ಅಂತ ಓನರ್ ಮೊದಲೇ ಹೇಳಿದ್ರು. ಮೆಟ್ಟಿಲ ಮೇಲೆ ಕೇಬಲ್ ಎಳೆದ್ರೆ ಅಮ್ಮ ಕಾಲಿಗೆ ಸಿಗಿಸ್ಕೊಂಡು ಬಿದ್ರೆ ಏನು ಗತಿ, ಅದನ್ನ ಯೋಚನೆ ಕೂಡ ಮಾಡಲಿಲ್ಲ.

ಕಂಪನಿಯವರದ್ದೇ ವೈಫೈ ಅಡಾಪ್ಟರ್ ಒಂದು ಬರ್ತಿತ್ತು, ಕನ್ಸೋಲ್ ಹಿಂದೆ ಯುಎಸ್‌ಬಿಗೆ ಕಚ್ಚಿಕೊಳ್ಳುತ್ತೆ. ಮೊದಲು ವೈಫೈನ ಹಳೇ ಎ, ಬಿ, ಜಿ ಮಟ್ಟದ್ದು, 2009ರಲ್ಲಿ ಎರಡು ಆಂಟೆನಾ ಇರೋ ಎನ್ ಮಟ್ಟದ್ದು ಬಂತು. ಈಗ ಸೆಕೆಂಡ್ ಹ್ಯಾಂಡ್ ಬಿಟ್ರೆ ಸಿಗಲ್ಲ, ನಂಗೆ ಒಬ್ಬರು ಹೇಳಿದ ರೇಟು ಕೇಳಿ ಸುಮ್ಮನಾದೆ. ಇಲ್ಲೊಂದು ಮಾತು: ಕಂಪ್ಯೂಟರ್‌ಗೆ ಹಾಕೋ ಚಿಕ್ಕ ಯುಎಸ್‌ಬಿ ವೈಫೈ ಡಾಂಗಲ್ ಇದಕ್ಕೆ ನಡೆಯಲ್ಲ. ತೂರುತ್ತೆ, ಲೈಟೂ ಬರಬಹುದು, ಆದ್ರೆ ಕನ್ಸೋಲ್ ಅದನ್ನ ಗುರುತೇ ಹಿಡಿಯಲ್ಲ, ಯಾಕಂದ್ರೆ ಅದನ್ನ ನಡೆಸೋ ಸಾಫ್ಟ್‌ವೇರ್, ಅಂದ್ರೆ ಡ್ರೈವರ್, ಒಳಗಡೆ ಇಲ್ಲ. ಅದಕ್ಕೆ ದುಡ್ಡು ಹಾಕ್ಬೇಡಿ.

ಮೊದಲು ಲ್ಯಾಪ್‌ಟಾಪ್‌ನಿಂದ ಮಾಡಿ ನೋಡಿದೆ. ಲ್ಯಾಪ್‌ಟಾಪ್ ವೈಫೈನಲ್ಲಿ ಇರುತ್ತೆ, ಅದರ ಲ್ಯಾನ್ ಪೋರ್ಟ್‌ನಿಂದ ಎಕ್ಸ್‌ಬಾಕ್ಸ್‌ಗೆ ಒಂದು ಕೇಬಲ್, ವಿಂಡೋಸ್‌ನಲ್ಲಿ ವೈಫೈ ಪ್ರಾಪರ್ಟೀಸ್‌ಗೆ ಹೋಗಿ ಶೇರಿಂಗ್ ಅನ್ನೋದಕ್ಕೆ ಟಿಕ್ ಹಾಕಿದ್ರೆ ಆಯ್ತು, ಎಕ್ಸ್‌ಬಾಕ್ಸ್‌ಗೆ 192.168.137ರಿಂದ ಶುರುವಾಗೋ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸದ ನಂಬರ್) ಸಿಗುತ್ತೆ. ಐದು ನಿಮಿಷದ ಕೆಲಸ, ಕನ್ಸೋಲ್‌ನ ಲ್ಯಾನ್ ಪೋರ್ಟ್ ಇನ್ನೂ ಜೀವಂತ ಇದೆಯಾ ಅಂತ ನೋಡೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಆದ್ರೆ ನನ್ನ ಲ್ಯಾಪ್‌ಟಾಪ್ ಆಫೀಸಿಗೆ ಹೋಗುತ್ತೆ, ಮಗ ಆಡೋದು ನಾನು ಬರೋಕೆ ಮುಂಚೆ, ಹಾಗಾಗಿ ಇದು ಶಾಶ್ವತಕ್ಕೆ ಆಗಲ್ಲ.

ಆಗ ನೆನಪಾಗಿದ್ದು ಅಟ್ಟದ ಮೇಲಿದ್ದ ಹಳೇ ರೌಟರ್. ಫೈಬರ್ ಬರೋಕೆ ಮುಂಚೆ ಕೇಬಲ್ ಇಂಟರ್‌ನೆಟ್ ಇದ್ದಾಗ ತಗೊಂಡಿದ್ದ ಟಿಪಿ-ಲಿಂಕ್ ಡಬ್ಲ್ಯೂಆರ್841ಎನ್, ಎರಡು ಕೋಡು ಇರೋ ಬಿಳೀದು, ಒಂದು ಕಾಲದಲ್ಲಿ ಮನೆಮನೇಲೂ ಇದೇ ಇತ್ತು. ನಿಮ್ಮನೇಲೂ ಯಾವುದೋ ಡ್ರಾಯರ್‌ನಲ್ಲಿ ಇದ್ದೇ ಇರುತ್ತೆ ನೋಡಿ. ಇದರ ಸ್ವಂತ ಫರ್ಮ್‌ವೇರ್‌ನಲ್ಲೇ (ಒಳಗಿರೋ ಸಾಫ್ಟ್‌ವೇರ್) ಡಬ್ಲ್ಯೂಡಿಎಸ್ ಬ್ರಿಡ್ಜಿಂಗ್ ಅಂತ ಒಂದು ಆಪ್ಷನ್ ಇದೆ. ಮಾಮೂಲಾಗಿ ರೌಟರ್ ಕೇಬಲ್‌ನಿಂದ ನೆಟ್ ತಗೊಂಡು ಗಾಳೀಲಿ ಹಂಚುತ್ತೆ ತಾನೆ, ಬ್ರಿಡ್ಜ್ ಮಾಡಿದ್ರೆ ಗಾಳಿಯಿಂದ ತಗೊಂಡು ಕೇಬಲ್‌ಗೆ ಕೊಡುತ್ತೆ. ಎಕ್ಸ್‌ಬಾಕ್ಸ್‌ಗೆ ತಾನು ವೈಫೈನಲ್ಲಿದೀನಿ ಅಂತ ಗೊತ್ತೇ ಆಗಲ್ಲ, ತನ್ನ ಬೆನ್ನಿಗೆ ಕೇಬಲ್ ಇದೆ ಅಂದ್ಕೊಂಡೇ ಕೆಲಸ ಮಾಡುತ್ತೆ. ಇನ್ನೊಂದು ಲಾಭ ಏನಂದ್ರೆ ವೈಫೈ ಪಾಸ್‌ವರ್ಡ್, ಸೆಕ್ಯೂರಿಟಿ ಎಲ್ಲ ಆ ರೌಟರ್ ನೋಡ್ಕೊಳ್ಳುತ್ತೆ, ಕನ್ಸೋಲ್ ಎಷ್ಟೇ ಹಳೇದಾದ್ರೂ ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ, ಲ್ಯಾನ್ ಪೋರ್ಟ್ ಒಂದಿದ್ರೆ ಸಾಕು.

ನಾನು ಮಾಡಿದ್ದು ಹೀಗೆ. ಮೊದಲು ಹಿಂದಿನ ರೀಸೆಟ್ ಬಟನ್‌ನ ಹತ್ತು ಸೆಕೆಂಡ್ ಒತ್ತಿ ಹಿಡಿದು ಹಳೇ ಸೆಟ್ಟಿಂಗ್ ಎಲ್ಲ ಅಳಿಸಿದೆ. ಆಮೇಲೆ ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ (ಇದನ್ನ ಮರೆತ್ರೆ ಯಾವ ರೌಟರ್‌ನ ಪೇಜ್ ನೋಡ್ತಿದೀರ ಅಂತ ಗೊಂದಲ ಆಗುತ್ತೆ) ಅದರಿಂದ ರೌಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕ್ದೆ, ಹೊರಗಿನ ನೆಟ್ ಬರೋ ನೀಲಿ ಬಣ್ಣದ ವ್ಯಾನ್ ಪೋರ್ಟ್‌ಗಲ್ಲ, ಅದು ಈ ಕೆಲಸದಲ್ಲಿ ಖಾಲಿನೇ ಇರ್ಬೇಕು. ಕೆಳಗಿನ ಫೈಬರ್ ಬಾಕ್ಸ್‌ನ ಐಪಿ 192.168.1.1, ಹಾಗಾಗಿ ಬ್ರೌಸರ್‌ನಲ್ಲಿ ಹಳೇ ರೌಟರ್‌ನ ಪೇಜ್ ತೆಗೆದು ಅದರ ಲ್ಯಾನ್ ಐಪಿನ 192.168.1.250 ಅಂತ ಬದಲಾಯಿಸಿದೆ. ಎರಡೂ ಒಂದೇ ಮನೆತನದ ಐಪಿ ಆಗಿರ್ಬೇಕು, ಆದ್ರೆ ಒಂದೇ ನಂಬರ್ ಆಗಿರ್ಬಾರ್ದು. ಅದು ರೀಬೂಟ್ ಆದ್ಮೇಲೆ ಹೊಸ ಐಪಿ ಹಾಕಿ ಒಳಗೆ ಹೋಗಿ, ವೈರ್‌ಲೆಸ್ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯೂಡಿಎಸ್‌ಗೆ ಟಿಕ್ ಹಾಕಿ, ಸರ್ವೇ ಒತ್ತಿದ್ರೆ ಅಕ್ಕಪಕ್ಕದ ಮನೆಗಳ ವೈಫೈ ಹೆಸರೆಲ್ಲ ಬರುತ್ತೆ. ನಮ್ಮದು ಕಾಣ್ತಿಲ್ಲ!

ಇಲ್ಲಿ ಅರ್ಧ ಗಂಟೆ ಹೋಯ್ತು. ಆಮೇಲೆ ಹೊಳೀತು, ಹಳೇ ರೌಟರ್‌ಗೆ ವೈಫೈನ 2.4 ಗಿಗಾಹರ್ಟ್ಜ್ ಬ್ಯಾಂಡ್ ಬಿಟ್ಟು ಬೇರೆ ಗೊತ್ತಿಲ್ಲ, ನಮ್ಮ ಫೈಬರ್ ಬಾಕ್ಸ್‌ನಲ್ಲಿ ಯಾರೋ 2.4 ಆಫ್ ಮಾಡಿ ಬರೀ 5 ಇಟ್ಟಿದ್ರು, ಬಹುಶಃ ಇನ್‌ಸ್ಟಾಲ್ ಮಾಡೋಕೆ ಬಂದಾಗ್ಲೇ. ಕೆಳಗೆ ಹೋಗಿ 2.4 ಆನ್ ಮಾಡಿ, ಅದಕ್ಕೆ ಬೇರೆ ಹೆಸರು ಕೊಟ್ಟೆ, ಸೆಕ್ಯೂರಿಟಿ ಡಬ್ಲ್ಯೂಪಿಎ2 ಎಇಎಸ್ ಅಂತ ಇಟ್ಟೆ. ಡಬ್ಲ್ಯೂಪಿಎ3 ಮಾತ್ರ ಅಂತ ಇಟ್ಟಿದ್ರೆ ಇಂಥ ಹಳೇ ರೌಟರ್ ಒಳಗೆ ಸೇರಲ್ಲ. ಎರಡು ಬ್ಯಾಂಡ್‌ಗೂ ಒಂದೇ ಹೆಸರು ಇಡೋ ಸ್ಮಾರ್ಟ್ ಕನೆಕ್ಟ್ ಥರದ್ದು ಇದ್ರೆ ಅದನ್ನೂ ತೆಗೀರಿ, ಆಗ ಯಾವುದಕ್ಕೆ ಕನೆಕ್ಟ್ ಆಗ್ತಿದೆ ಅಂತ ಸ್ಪಷ್ಟ ಇರುತ್ತೆ.

ಮತ್ತೆ ಮೇಲೆ ಬಂದು ಸರ್ವೇ, ಈ ಸಲ ಹೆಸರು ಬಂತು, ಕನೆಕ್ಟ್ ಒತ್ತಿ ಪಾಸ್‌ವರ್ಡ್ ಹಾಕಿ, ಫೈಬರ್ ಬಾಕ್ಸ್ ಯಾವ ಚಾನೆಲ್‌ನಲ್ಲಿದೆಯೋ ಅದೇ ಚಾನೆಲ್ 6 ಇಲ್ಲೂ ಹಾಕಿ ಸೇವ್ ಮಾಡಿದೆ. ಕೊನೇಗೆ ಹಳೇ ರೌಟರ್‌ನ ಡಿಎಚ್‌ಸಿಪಿ ಆಫ್. ಇದು ಮುಖ್ಯ. ಮನೇಲಿ ಐಪಿ ಹಂಚೋ ಯಜಮಾನ ಒಬ್ಬನೇ ಇರ್ಬೇಕು, ಅದು ಫೈಬರ್ ಬಾಕ್ಸ್. ಇಬ್ಬರೂ ಹಂಚೋಕೆ ಶುರು ಮಾಡಿದ್ರೆ ಎಕ್ಸ್‌ಬಾಕ್ಸ್ ಒಂದಿನ ನಡೆಯುತ್ತೆ, ಒಂದಿನ ಇಲ್ಲ, ಕಾರಣ ಹುಡುಕೋದು ಬಹಳ ಕಷ್ಟ.

ಸ್ಟೇಟಸ್ ಪೇಜ್‌ನಲ್ಲಿ ಡಬ್ಲ್ಯೂಡಿಎಸ್ ಮುಂದೆ ಮೊದಲು ಸ್ಕ್ಯಾನ್ ಅಂತ ಇತ್ತು, ಒಂದು ನಿಮಿಷ ಬಿಟ್ಟು ರಿಫ್ರೆಶ್ ಮಾಡಿದ್ರೆ ರನ್ ಅಂತ ಬಂತು. ರನ್ ಬಂದ್ರೆ ಸೇತುವೆ ಕಟ್ಟಿದ ಹಾಗೆ. ಟಿವಿ ಸ್ಟ್ಯಾಂಡ್ ಹಿಂದೆ ರೌಟರ್ ಇಟ್ಟು, ಒಂದು ಮೊಳದ ಕೇಬಲ್‌ನ ಎಕ್ಸ್‌ಬಾಕ್ಸ್ ಬೆನ್ನಿಗೆ ಹಾಕಿ ಆನ್ ಮಾಡಿದೆ. ಸೆಟ್ಟಿಂಗ್ಸ್, ಸಿಸ್ಟಮ್, ನೆಟ್‌ವರ್ಕ್ ಸೆಟ್ಟಿಂಗ್ಸ್, ವೈರ್ಡ್ ನೆಟ್‌ವರ್ಕ್, ಟೆಸ್ಟ್ ಒತ್ತಿದ್ರೆ ನೆಟ್‌ವರ್ಕ್, ಇಂಟರ್‌ನೆಟ್, ಎಕ್ಸ್‌ಬಾಕ್ಸ್ ಲೈವ್ ಅಂತ ಒಂದಾದ್ಮೇಲೆ ಒಂದು ಟಿಕ್ ಆಗ್ತಾ ಹೋಯ್ತು. ಮೂರನೇ ಟಿಕ್ ಬಿದ್ದಾಗ ನನ್ನ ಮಗ ಮಂಚದ ಮೇಲೆ ನಿಂತು ಕುಣಿದ.

ಆದ್ರೆ ಸೈನ್ ಇನ್ ಆಗಲಿಲ್ಲ. ಅಣ್ಣನ ಪ್ರೊಫೈಲ್ ಸತ್ತುಹೋದ ಹಾರ್ಡ್ ಡಿಸ್ಕಲ್ಲಿತ್ತಲ್ಲ, ಹಾಗಾಗಿ ಡೌನ್‌ಲೋಡ್ ಪ್ರೊಫೈಲ್ ಅಂತ ಕೊಟ್ಟು ಅವನ ಇಮೇಲ್, ಪಾಸ್‌ವರ್ಡ್ ಹಾಕ್ದೆ, ತಪ್ಪು ಅಂತು. ಫೋನ್ ಮಾಡ್ದೆ. "ಅಣ್ಣ, ಪಾಸ್‌ವರ್ಡ್ ಬದಲಾಯಿಸಿದ್ಯಾ?" ಅಂದ್ರೆ "ಇಲ್ವಲ್ಲೋ, ಅದೇ ಇದೆ, ಈಗ ಫೋನಲ್ಲೂ ಅದರಲ್ಲೇ ಓಪನ್ ಆಗ್ತಿದೆ" ಅಂದ. ವಿಷಯ ಏನಂದ್ರೆ ಅವನು ಅಕೌಂಟ್‌ಗೆ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿದ್ದ, 360ಗೆ ಫೋನ್‌ಗೆ ಬರೋ ಕೋಡ್ ಕೇಳೋಕೆ ಬರಲ್ಲ, ಅದು ಇವೆಲ್ಲ ಬರೋಕೆ ಮುಂಚಿನ ಮಷೀನು. ಅದಕ್ಕೆ ಅಂತಾನೇ ಮೈಕ್ರೋಸಾಫ್ಟ್ ಅಕೌಂಟ್‌ನ ಸೆಕ್ಯೂರಿಟಿ ಪೇಜ್‌ನಲ್ಲಿ ಆ್ಯಪ್ ಪಾಸ್‌ವರ್ಡ್ ಅಂತ ಒಂದು ಮಾಡ್ಕೋಬಹುದು, ಹದಿನಾರು ಅಕ್ಷರದ್ದು, ಮಾಮೂಲಿ ಪಾಸ್‌ವರ್ಡ್ ಜಾಗದಲ್ಲಿ ಅದನ್ನ ಹಾಕ್ಬೇಕು. ಅಣ್ಣ ಪುಣೆಯಿಂದ "ಬಿ ಬಾಲ್, ಕೆ ಕೈಟ್, ಮತ್ತೆ ಕೆ" ಅಂತ ಒಂದೊಂದೇ ಹೇಳ್ತಾ ಹೋದ, ನಾನು ಫೋನನ್ನ ಕಿವಿಗೆ ಭುಜದಲ್ಲಿ ಒತ್ಕೊಂಡು ಕಂಟ್ರೋಲರ್‌ನ ಕಡ್ಡಿ ಆ ಕಡೆ ಈ ಕಡೆ ತಳ್ಳಿ ಟಿವಿ ಮೇಲಿನ ಕೀಬೋರ್ಡ್‌ನಲ್ಲಿ ಒಂದೊಂದೇ ಅಕ್ಷರ ಹುಡುಕ್ತಾ ಹೋದೆ. ಸ್ಕ್ರೀನ್ ಮೇಲೆ ಚುಕ್ಕಿ ಬಿಟ್ಟು ಬೇರೇನೂ ಕಾಣಲ್ಲ, ಹಾಗಾಗಿ ಮಗನ್ನ ಪಕ್ಕದಲ್ಲಿ ಕೂರಿಸಿ ಪೇಪರ್‌ನಲ್ಲಿ ಬರೆಸಿ ಎಣಿಸಿದ್ವಿ. ಹದಿನಾರನೇದು ಆದ್ಮೇಲೆ ಅಣ್ಣನ ಹಳೇ ಅವತಾರ್ ಸ್ಕ್ರೀನ್ ಮೇಲೆ ಬಂತು, ಕಾಲೇಜು ಮುಗಿದ ಹೊಸದರಲ್ಲಿ ಮಾಡಿದ್ದು, ಉದ್ದ ಕೂದಲು, ಕೆಂಪು ಟೀಶರ್ಟು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ, ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಸ್ಟೋರೇಜ್‌ಗೆ ಹೊಸ ಹಾರ್ಡ್ ಡಿಸ್ಕ್ ಹುಡುಕೋಕೆ ಹೋಗ್ಲಿಲ್ಲ, 32 ಜಿಬಿ ಪೆನ್‌ಡ್ರೈವ್ ಹಾಕಿ ಕನ್ಸೋಲಲ್ಲೇ ಫಾರ್ಮ್ಯಾಟ್ ಮಾಡಿದೆ, ಸಾಕು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ ಹಿಸ್ಟರಿ ಅಂತ ಇದೆ, ಅಲ್ಲಿ ಅವನು ಕೊಂಡಿದ್ದೆಲ್ಲ ಸಾಲಾಗಿ ಇದೆ. ಕನ್ಸೋಲ್ ಅದೇ ಹಳೇದು, ಅಕೌಂಟೂ ಅದೇ, ಹಾಗಾಗಿ ಲೈಸೆನ್ಸ್ ತಕರಾರು ಬರಲಿಲ್ಲ, ಗೇಮ್ ನನ್ನ ಮಗನ ಪ್ರೊಫೈಲ್‌ನಲ್ಲೂ ನಡೆಯುತ್ತೆ.

ಮೂರು ದಿನ ಚೆನ್ನಾಗಿ ನಡೀತು. ನಾಲ್ಕನೇ ದಿನ ಸಂಜೆ ಮಳೆ, ಕರೆಂಟ್ ಹೋಗಿ ಬಂತು, ಅಲ್ಲಿಗೆ ಎಕ್ಸ್‌ಬಾಕ್ಸ್ ನೆಟ್ ಬಂದ್. ಐಪಿ ನೋಡಿದ್ರೆ 169.254 ಅಂತ ಶುರುವಾಗಿತ್ತು. ಹೀಗೆ ಬಂದ್ರೆ ಅರ್ಥ ಏನಂದ್ರೆ ಕನ್ಸೋಲ್ ಐಪಿ ಕೇಳಿದೆ, ಯಾರೂ ಕೊಟ್ಟಿಲ್ಲ, ತಾನೇ ಒಂದು ಇಟ್ಕೊಂಡಿದೆ. ಹಳೇ ರೌಟರ್‌ನ ಸ್ಟೇಟಸ್ ನೋಡೋಣ ಅಂದ್ರೆ ಲ್ಯಾಪ್‌ಟಾಪ್‌ಗೂ ಐಪಿ ಸಿಗಲ್ಲ, ಡಿಎಚ್‌ಸಿಪಿ ನಾನೇ ಆಫ್ ಮಾಡಿದೀನಲ್ಲ, ಹಾಗಾಗಿ ಲ್ಯಾಪ್‌ಟಾಪ್‌ಗೆ ಕೈಯಾರೆ 192.168.1.240 ಅಂತ ಕೊಟ್ಟು ಒಳಗೆ ಹೋದೆ. ಸ್ಕ್ಯಾನ್, ಸ್ಕ್ಯಾನ್, ಸ್ಕ್ಯಾನ್. ರನ್ ಬರ್ತಾನೇ ಇಲ್ಲ. ಪಾಸ್‌ವರ್ಡ್ ಮತ್ತೆ ಹಾಕ್ದೆ, ಎರಡೂ ಆಫ್ ಮಾಡಿ ಆನ್ ಮಾಡ್ದೆ, ಇಲ್ಲ.

ರಾತ್ರಿ ಊಟ ಆದ್ಮೇಲೆ ಫೋನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿದ್ರೆ ನಮ್ಮ ಫೈಬರ್ ಬಾಕ್ಸ್ ಚಾನೆಲ್ 11ರಲ್ಲಿ ಕೂತಿದೆ! ಅದರಲ್ಲಿ ಚಾನೆಲ್ ಆಟೋ ಅಂತ ಇತ್ತು, ಕರೆಂಟ್ ಹೋಗಿ ಬಂದಾಗೆಲ್ಲ ಅಕ್ಕಪಕ್ಕ ನೋಡಿ ಖಾಲಿ ಇರೋ ಚಾನೆಲ್‌ಗೆ ಹೋಗುತ್ತೆ, ನನ್ನ ಬ್ರಿಡ್ಜ್ ಮಾತ್ರ 6ರಲ್ಲೇ ಕಾಯ್ತಾ ಕೂತಿತ್ತು. ಫೈಬರ್ ಬಾಕ್ಸ್‌ನಲ್ಲಿ ಆಟೋ ತೆಗೆದು ಚಾನೆಲ್ 6 ಅಂತ ಖಾಯಂ ಮಾಡಿದೆ, ಅಗಲ 20 ಮೆಗಾಹರ್ಟ್ಜ್ ಇಟ್ಟೆ. ನಾನು ಇದೆಲ್ಲ ಬರೀತಿರೋದೇ ಈ ಒಂದು ಕಾರಣಕ್ಕೆ, ಬ್ರಿಡ್ಜ್ ಮಾಡಿ "ಎರಡು ದಿನ ಬಂತು, ಆಮೇಲೆ ಕೆಟ್ಟೋಯ್ತು" ಅಂತ ಬಿಟ್ಟವರು ನನ್ನ ಪರಿಚಯದಲ್ಲೇ ಇಬ್ಬರು ಇದ್ದಾರೆ, ಇಬ್ಬರ ಮನೇಲೂ ಚಾನೆಲ್ ಆಟೋನೇ ಇತ್ತು. ನಮ್ಮೂರಲ್ಲಿ ಕರೆಂಟ್ ಹೋಗದೇ ಇರೋ ವಾರ ಇಲ್ಲ, ಹಾಗಾಗಿ ಇದನ್ನ ಮೊದಲ ದಿನಾನೇ ಮಾಡಿ. ಆಮೇಲಿಂದ ಎಷ್ಟೋ ಸಲ ಕರೆಂಟ್ ಹೋಗಿದೆ, ತಾನಾಗೇ ಮತ್ತೆ ಸೇರ್ಕೊಳ್ಳುತ್ತೆ, ಫೈಬರ್ ಬಾಕ್ಸ್ ಪೂರ್ತಿ ಏಳೋಕೆ ಎರಡು ಮೂರು ನಿಮಿಷ ಬೇಕು, ಅಷ್ಟರೊಳಗೆ ಎಕ್ಸ್‌ಬಾಕ್ಸ್ ಆನ್ ಮಾಡಿದ್ರೆ ಮತ್ತೆ 169.254 ತೋರಿಸುತ್ತೆ, ಸ್ವಲ್ಪ ಕಾದು ಇನ್ನೊಂದ್ಸಲ ಟೆಸ್ಟ್ ಕೊಟ್ರೆ ಸರಿ ಹೋಗುತ್ತೆ.

ಸ್ಪೀಡ್ ಬಗ್ಗೆ ಕೇಳ್ತೀರ. ಲ್ಯಾಪ್‌ಟಾಪ್ ಹಚ್ಚಿ ನೋಡಿದಾಗ ಬ್ರಿಡ್ಜ್ ಮೇಲೆ 20ರಿಂದ 25 ಎಂಬಿಪಿಎಸ್ ಬಂತು, ನಮ್ಮ ಪ್ಲಾನ್ 100ರದ್ದು. ಕಮ್ಮಿ ಅನ್ನಿಸಬಹುದು, ಆದ್ರೆ ಆ ಕಾಲದ ಗೇಮ್‌ಗಳಿಗೆ ಇದು ಧಾರಾಳ.

ಆನ್‌ಲೈನ್ ಆಡೋರಿಗೆ ಒಂದು ವಿಷಯ. ಟೆಸ್ಟ್ ಮುಗಿದ್ಮೇಲೆ ನ್ಯಾಟ್ (ಹಲವು ಮಷೀನು ಒಂದೇ ಹೊರಗಿನ ಐಪಿಯಿಂದ ನೆಟ್‌ಗೆ ಹೋಗೋ ವ್ಯವಸ್ಥೆ) ಮಾಡರೇಟ್ ಅಂತ ಬಂತು, ಓಪನ್, ಮಾಡರೇಟ್, ಸ್ಟ್ರಿಕ್ಟ್ ಅನ್ನೋ ಮೂರರಲ್ಲಿ ನಡುವಿನದ್ದು. ಫೈಬರ್ ಬಾಕ್ಸ್‌ನಲ್ಲಿ ಯುಪಿಎನ್‌ಪಿ (ಕನ್ಸೋಲ್ ತಾನೇ ದಾರಿ ತೆರೆಸ್ಕೊಳ್ಳೋ ಆಪ್ಷನ್) ಆನ್ ಮಾಡಿದೆ, ಎಕ್ಸ್‌ಬಾಕ್ಸ್ ಬಳಸೋ ಯುಡಿಪಿ 3074 ಪೋರ್ಟ್ ಫಾರ್ವರ್ಡ್ ಮಾಡಿದೆ, ಏನೂ ಬದಲಾಗಲಿಲ್ಲ. ಬಾಕ್ಸ್‌ನ ವ್ಯಾನ್ ಐಪಿ ನೋಡಿದ್ರೆ 100.72 ಅಂತ ಶುರುವಾಗ್ತಿತ್ತು. 100.64ರಿಂದ 100.127ರ ಒಳಗಿನ ಐಪಿ ಇದ್ರೆ ನಿಮ್ಮ ಮೇಲೆ ಇಂಟರ್‌ನೆಟ್ ಕಂಪನಿಯದ್ದೇ ಇನ್ನೊಂದು ನ್ಯಾಟ್ ಇದೆ ಅಂತ, ಒಂದೇ ಪಬ್ಲಿಕ್ ಐಪಿನ ಎಷ್ಟೋ ಮನೆಗಳಿಗೆ ಹಂಚಿರ್ತಾರೆ, ಅದಕ್ಕೆ ಮನೇಲಿ ಕೂತು ಏನು ಮಾಡಿದ್ರೂ ಓಪನ್ ಆಗಲ್ಲ. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತಗೋಬೇಕು. ನಾನು ತಗೊಳ್ಳಲಿಲ್ಲ, ಯಾಕಂದ್ರೆ ಮಾಡರೇಟ್ ಇದ್ದವರು ಮಾಡರೇಟ್ ಇದ್ದವರ ಜೊತೆ ಆಡಬಹುದು, ಸ್ಟ್ರಿಕ್ಟ್ ಅಂತ ಬಂದ್ರೆ ಮಾತ್ರ ತೊಂದರೆ.

ಅಣ್ಣನ ಹತ್ರ ಈಗ ಎಕ್ಸ್‌ಬಾಕ್ಸ್ ಒನ್ ಇದೆ, ಹಳೇ ಗೇಮ್‌ಗಳಲ್ಲಿ ಅದರಲ್ಲೂ ನಡೆಯೋವು ಕೆಲವು ಇವೆ, ಅಂಥದ್ದು ಹಾಕಿದ್ರೆ 360ಯವರೂ ಅವರೂ ಒಟ್ಟಿಗೆ ಆಡಬಹುದು. ಅವನ ಅಕೌಂಟ್ ಇಲ್ಲಿ 360ಯಲ್ಲಿ ಇದ್ದಿದ್ರಿಂದ ಅಣ್ಣ ತನ್ನ ಕಡೆ ಬೇರೆ ಅಕೌಂಟ್ ಹಾಕ್ಕೊಂಡ. ಹೋದ ಭಾನುವಾರ ಮಧ್ಯಾಹ್ನ ಅವನು ಪುಣೇಲಿ, ನನ್ನ ಮಗ ಇಲ್ಲಿ, ಕಾರ್ ರೇಸ್ ಹಾಕಿದ್ರು. ಮಗ ಹೆಡ್‌ಸೆಟ್ ಹಾಕ್ಕೊಂಡು "ದೊಡ್ಡಪ್ಪ, ನಿಲ್ಲಿ, ನಾನಿನ್ನೂ ತಿರುಗಿಸ್ತಿದೀನಿ" ಅಂತ ಕೂಗ್ತಿದ್ದ, ಅಡುಗೆಮನೆಯಿಂದ ಅಮ್ಮ ಬಂದು "ಯಾರ ಹತ್ರ ಮಾತಾಡ್ತಿದೆ ಮಗು?" ಅಂದ್ರು, ದೊಡ್ಡ ಮಗನ ಹತ್ರ ಅಂದೆ, ಹೆಡ್‌ಸೆಟ್ ಇಸ್ಕೊಂಡು ಊಟ ಆಯ್ತಾ ಅಂತ ಕೇಳಿದ್ರು.