ಕೋಳಿಮೊಟ್ಟೆಯಲ್ಲಿ ಸೋಮೈಟ್‌ಗಳನ್ನು ನೋಡಿ ಎಣಿಸುವ ಬಗೆ

ಬೆನ್ನೆಲುಬುಳ್ಳ ಪ್ರಾಣಿಗಳ ದೇಹ ಭ್ರೂಣದಲ್ಲಿ ಸೋಮೈಟ್‌ಗಳೆಂಬ, ಮುಂದೆ ಬೆನ್ನುಮೂಳೆಯ ಮಣಿಗಳೂ (ಕಶೇರುಮಣಿ) ಸ್ನಾಯುಗಳೂ ಆಗುವ ಖಂಡಗಳಾಗಿ ಮೂಡುವುದನ್ನು ಕೋಲಾರ ಜಿಲ್ಲೆಯ ಯಾವ ಪದವಿ ಕಾಲೇಜಿನಲ್ಲಾದರೂ ಕಣ್ಣಾರೆ ನೋಡಬಹುದು. ಅಂಗಡಿಯ ಫಾರಂ ಮೊಟ್ಟೆ ಮಾತ್ರ ಆಗದು. ಹುಂಜದೊಡನೆ ಮೇಯುವ ನಾಟಿ ಕೋಳಿ ಇಟ್ಟ, ವಾರ ಮೀರದ ಮೊಟ್ಟೆಗಳನ್ನು ಹಳ್ಳಿಯಿಂದ ಬರುವ ವಿದ್ಯಾರ್ಥಿಗಳ ಕೈಲಿ ತರಿಸಿ, ಕಾವಿಗಿಡುವವರೆಗೂ ತಂಪಾದ ಜಾಗದಲ್ಲಿಡಬೇಕು. ಬೇಸಿಗೆಯ ಸೆಕೆಗೇ ಬೆಳವಣಿಗೆ ಅರೆಬರೆ ಶುರುವಾದರೆ ಗಂಟೆಗಳ ಲೆಕ್ಕವೆಲ್ಲ ತಪ್ಪುತ್ತದೆ.

ಮೊಟ್ಟೆಯನ್ನು ಅಡ್ಡಲಾಗಿ ಮಲಗಿಸಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, 38 ಡಿಗ್ರಿ ಸೆಲ್ಸಿಯಸ್ ಶಾಖದ ಇನ್‌ಕ್ಯುಬೇಟರಿನಲ್ಲಿ ನೀರಿನ ತಟ್ಟೆಯ ಜೊತೆಗಿಡಿ. ಭಾನುವಾರ ರಾತ್ರಿ 10ಕ್ಕೆ ಇಟ್ಟರೆ ಮಂಗಳವಾರ ಬೆಳಿಗ್ಗೆ 10ರ ಪ್ರಾಕ್ಟಿಕಲ್ ಹೊತ್ತಿಗೆ 36 ಗಂಟೆಯಾಗಿ, ಸುಮಾರು 10 ಜೋಡಿ ಸೋಮೈಟ್‌ಗಳು ಮೂಡಿರುತ್ತವೆ.

ಲೀಟರಿಗೆ 7.2 ಗ್ರಾಂ ಉಪ್ಪು ಕರಗಿಸಿದ ಉಗುರುಬೆಚ್ಚನೆಯ ನೀರಿಗೆ ಮೊಟ್ಟೆಯನ್ನು ಒಡೆದು ಬಿಡಿ. ನಡುವೆ ತೂತು ಕತ್ತರಿಸಿದ ಫಿಲ್ಟರ್ ಪೇಪರಿನ ಉಂಗುರವನ್ನು ಭ್ರೂಣ ತೂತಿನೊಳಗೆ ಬರುವಂತೆ ಹಳದಿಯ ಮೇಲಿಟ್ಟು, ಉಂಗುರದ ಹೊರಗೆ ಸುತ್ತಲೂ ಪೊರೆಯನ್ನು ಕತ್ತರಿಸಿ, ಚಿಮಟದಿಂದ ಮೆಲ್ಲನೆ ಎತ್ತಿ, ಅಂಟಿದ ಹಳದಿಯನ್ನು ಅದೇ ಉಪ್ಪುನೀರಿನಲ್ಲಿ ತೊಳೆಯಿರಿ. ಇಲ್ಲಿ ಅವಸರ ಮಾಡಿದರೆ ಪೊರೆ ಹರಿದು ಭ್ರೂಣ ಮಡಚಿಕೊಳ್ಳುತ್ತದೆ.

ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ ನೋಡಿದರೆ, ಮುಂದೆ ಮಿದುಳು, ಬೆನ್ನುಹುರಿಯಾಗುವ ನರನಾಳದ ಎರಡೂ ಬದಿಗೆ, ಮಾಲೂರಿನ ಗೂಡುಗಳ ಬಳಿ ಸಾಲಾಗಿಟ್ಟ ಹಸಿ ಇಟ್ಟಿಗೆಗಳಂತೆ, ಎದುರುಬದುರಾದ ಪುಟ್ಟ ಗಡ್ಡೆಗಳು ಕಾಣುತ್ತವೆ; ಅವೇ ಸೋಮೈಟ್‌ಗಳು. ತಲೆಯ ಕಡೆಯವು ಹಳೆಯವು, ಬಾಲದ ಕಡೆಯವು ಹೊಸವು. ಇನ್ನೂ ಗೆರೆ ಬೀಳದ ಹಿಂಭಾಗದ ಪಟ್ಟಿಯನ್ನು ಎಣಿಸಬಾರದು. ಕೋಳಿಯಲ್ಲಿ ಸುಮಾರು 90 ನಿಮಿಷಕ್ಕೊಂದು ಜೋಡಿ ಹುಟ್ಟುತ್ತದೆ. ಮೊಟ್ಟೆಯಿಂದ ಮೊಟ್ಟೆಗೆ ವ್ಯತ್ಯಾಸವಿರುವುದರಿಂದ, 3 ಗಂಟೆಗಳ ಅಂತರದಲ್ಲಿ ಮೂರು ಮೂರು ಮೊಟ್ಟೆ ತೆರೆದು ಸರಾಸರಿ ತೆಗೆಯುವುದೇ ಮೇಲು.

ಈ ತಾಳ ಎಲ್ಲಿಂದ ಬಂತೆಂಬುದನ್ನು ವಿದ್ಯಾರ್ಥಿಗಳಿಗೆ ಆಗಲೇ ಹೇಳಬೇಕು. ಆ ಹಿಂಭಾಗದ ಪಟ್ಟಿಯ ಕೋಶಗಳಲ್ಲಿ ಕೆಲವು ಜೀನ್‌ಗಳು ಗಡಿಯಾರದಂತೆ ಮತ್ತೆ ಮತ್ತೆ ಚುರುಕಾಗುತ್ತವೆ, ಮತ್ತೆ ಅಡಗುತ್ತವೆ. ಬಾಲದ ತುದಿಯಲ್ಲಿ ದಟ್ಟವಾಗಿರುವ ಎಫ್‌ಜಿಎಫ್ ಎಂಬ ಪ್ರೋಟೀನಿನ ಪ್ರಭಾವವು ಭ್ರೂಣ ಉದ್ದವಾದಂತೆ ಹಿಂದೆ ಸರಿಯುತ್ತದೆ. ಗಡಿಯಾರದ ಒಂದು ಸುತ್ತಿನಲ್ಲಿ ಆ ಪ್ರಭಾವದಿಂದ ಹೊರಬಿದ್ದ ಕೋಶಗಳೇ ಒಂದು ಖಂಡವಾಗುತ್ತವೆ. ಕುಕ್ ಮತ್ತು ಝೀಮನ್ ಎಂಬ ವಿಜ್ಞಾನಿಗಳು 1976ರಲ್ಲಿ ಊಹಿಸಿದ್ದ ಇಂಥ ಗಡಿಯಾರವನ್ನು 1997ರಲ್ಲಿ ಪುರ್ಕಿಯೆ ಎಂಬ ಜೀವವಿಜ್ಞಾನಿಯ ತಂಡ ಕೋಳಿಯ ಭ್ರೂಣದಲ್ಲಿಯೇ ಕಂಡಿತು. ಝೀಬ್ರಾ ಮೀನಿನಲ್ಲಿ ಇದರ ಸುತ್ತು ಸುಮಾರು 30 ನಿಮಿಷ, ಇಲಿಯಲ್ಲಿ ಸುಮಾರು 2 ಗಂಟೆ.

ರೆಕಾರ್ಡ್ ಪುಸ್ತಕದಲ್ಲಿ 'ಒಂದು ಸೋಮೈಟ್, ಒಂದು ಕಶೇರುಮಣಿ' ಎಂದು ಬರೆಯಲು ಬಿಡಬೇಡಿ. ಒಂದು ಸೋಮೈಟಿನ ಹಿಂದಿನ ಅರ್ಧವೂ ಅದರ ಹಿಂದಿರುವ ಸೋಮೈಟಿನ ಮುಂದಿನ ಅರ್ಧವೂ ಕೂಡಿ ಒಂದು ಕಶೇರುಮಣಿಯಾಗುತ್ತದೆ. ಸ್ನಾಯು ಎರಡು ಮಣಿಗಳ ನಡುವೆ ಸೇತುವೆಯಂತೆ ಕೂತು ಬೆನ್ನು ಬಾಗುವುದು ಇದರಿಂದಲೇ.